ಗೋಡೆಯ ಬೆವರಿಗೆ ದಾರಿ



ಚೈತ್ರದ ಸಂಚಿಕೆಯಲ್ಲಿ ನಾವು ಬೇರೊಂದು ವಿಷಯವನ್ನು ಬರೆಯುತ್ತ, ಮಳೆಗಾಲ ಬರುವುದಕ್ಕೆ ಮುನ್ನ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಮಾಳಿಗೆಯನ್ನು ಒಮ್ಮೆ ಹತ್ತಿ ನೋಡಬೇಕೆಂದು ಎರಡು ಸಾಲು ಸೇರಿಸಿದ್ದೆವು. ಮುಖ್ಯ ವಿಷಯದ ಬಗೆಗೆ ಯಾರೂ ಬರೆಯಲಿಲ್ಲ. ಆ ಎರಡು ಸಾಲುಗಳಿಗೆ ಮಾತ್ರ ಹನ್ನೊಂದು ಪತ್ರಗಳು ಬಂದಿವೆ! ಒಬ್ಬರು ತಮ್ಮ ಮನೆಯ ನೆಲವನ್ನು ತಾವೇ ಸರಿಪಡಿಸಿದ ಬಗೆಯನ್ನು ಚಿತ್ರ ಬರೆದು ತೋರಿಸಿದ್ದಾರೆ. ಮತ್ತೊಬ್ಬರು ಗೌಂಡಿಯ ದಿನಗೂಲಿ ಏರಿದುದನ್ನು ಹೇಳಿ, ಅದರಿಂದಲೇ ಕರಣೆ ಹಿಡಿಯುವುದನ್ನು ಕಲಿಯಬೇಕಾಯಿತೆಂದು ನಗೆಯಾಡಿದ್ದಾರೆ. ಎಲ್ಲ ಪತ್ರಗಳನ್ನೂ ಅಚ್ಚಿಸಲು ಸ್ಥಳವಿಲ್ಲವಾದುದರಿಂದ ಅವುಗಳಲ್ಲಿ ಕೆಲವನ್ನು ಮುಂದಿರಿಸಿಕೊಂಡು, ನಮ್ಮ ಅನುಭವವನ್ನೂ ಬೆರೆಸಿ ಈ ಸಲದ ಅಂಕಣವನ್ನು ಬರೆಯುತ್ತಿದ್ದೇವೆ.

ನಾವು ಇಂಜಿನಿಯರರಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಜಾತ್ರೆಗೆ ಮುನ್ನ ವರ್ಷಕ್ಕೊಮ್ಮೆ ಇಡೀ ಮಠಕ್ಕೆ ಸುಣ್ಣ ಬಳಿಯುವ ಕೆಲಸ ವಿದ್ಯಾರ್ಥಿಗಳದಾಗಿತ್ತು. ಅಮರಕೋಶದ ಜೊತೆಜೊತೆಗೆ ಸುಣ್ಣ ಅರಳಿಸುವುದನ್ನೂ ಕಲಿತೆವು. ಅಮರಕೋಶದಲ್ಲಿ ಕೆಲವು ಶ್ಲೋಕಗಳು ಈಗ ಮರೆತಿವೆ, ಸುಣ್ಣದ ಹದ ಮರೆತಿಲ್ಲ. ಇದರಾಚೆಗಿನ ನಮ್ಮ ತಿಳಿವೆಲ್ಲ ಒಂದು ತಪ್ಪಿನಿಂದ ಬಂದುದು. ಅದನ್ನು ಮುಂದೆ ಹೇಳುತ್ತೇವೆ.

ಮೊದಲನೆಯ ಪತ್ರ ನಿವೃತ್ತ ಶಿಕ್ಷಕರೊಬ್ಬರದು. ಅವರದು ಮೂವತ್ತು ವರ್ಷಗಳ ಹಿಂದೆ ಕಟ್ಟಿದ ಆರ್‌ಸಿಸಿ ಮನೆ. ಪಡಸಾಲೆಯ ಮೂಲೆಯಲ್ಲಿ ಮಳೆಗಾಲಕ್ಕೆ ನೀರು ಜಿನುಗುತ್ತದೆ. ಮೂರು ವರ್ಷಗಳಿಂದ ಅವರು ಆ ಮೂಲೆಗೆ ನೇರವಾಗಿ ಮೇಲಿರುವ ಬಿರುಕಿಗೆ ಡಾಂಬರು ಕಾಯಿಸಿ ಸುರಿಯುತ್ತ ಬಂದಿದ್ದಾರೆ. ನೀರು ಮಾತ್ರ ನಿಂತಿಲ್ಲ. ಒಳಗಿನಿಂದ ದುಬಾರಿಯ ಬಣ್ಣವನ್ನೂ ಎರಡು ಸಲ ಬಳಿಸಿದ್ದಾರೆ, ಅದೂ ಹಪ್ಪಳದಂತೆ ಎದ್ದು ಬಂದಿದೆ.

ಇಲ್ಲಿ ನಮ್ಮ ಮಾತಿಷ್ಟೇ. ನೀರು ಬೀಳುವ ಸ್ಥಳ ಬೇರೆ, ಅದು ಒಳಹೊಕ್ಕ ಸ್ಥಳ ಬೇರೆ. ಕಾಂಕ್ರೀಟಿನೊಳಗೆ ಹೊಕ್ಕ ನೀರು ತನಗೆ ಅನುಕೂಲವಾದ ಎಡೆಯಲ್ಲಿ ಹರಿದು, ಎಷ್ಟೋ ಅಡಿಗಳ ಆಚೆಗೆ ತೊಟ್ಟಿಕ್ಕಬಹುದು. ಆದುದರಿಂದ ಮೊದಲು ಅದರ ಬಾಗಿಲನ್ನು ಹುಡುಕಬೇಕು. ಬೇಸಿಗೆಯಲ್ಲಿ, ಮೋಡವಿಲ್ಲದ ದಿನಗಳಲ್ಲಿ, ಮಾಳಿಗೆಯ ಮೇಲೆ ಜೇಡಿಮಣ್ಣಿನಿಂದ ಗೇಣಿನ ಕಾಲುಭಾಗದಷ್ಟು ಎತ್ತರದ ಬದುಗಳನ್ನು ಹಾಕಿ ಮೂರು-ನಾಲ್ಕು ಮಡಿಗಳನ್ನು ಮಾಡಿರಿ. ಒಂದು ದಿನ ಒಂದು ಮಡಿಗೆ ಮಾತ್ರ ಎರಡು ಬೆರಳು ನೀರು ನಿಲ್ಲಿಸಿ, ಮರುದಿನದವರೆಗೆ ಕೆಳಗೆ ಕಾದು ನೋಡಿರಿ. ಯಾವ ಮಡಿಗೆ ನೀರು ನಿಲ್ಲಿಸಿದಾಗ ಕೆಳಗೆ ತೇವ ಕಾಣುವುದೋ ಅಲ್ಲಿದೆ ದೋಷ. ಹೆಚ್ಚಿನ ಮನೆಗಳಲ್ಲಿ ಅದು ಚಪ್ಪಟೆಯಾದ ಮಾಳಿಗೆಯ ನಡುವೆ ಇರುವುದಿಲ್ಲ. ಅಡ್ಡಗೋಡೆ ಮಾಳಿಗೆಯನ್ನು ಕೂಡುವ ಸಂದಿನಲ್ಲೋ, ನೀರು ಹೊರಹೋಗುವ ಕೊಳವೆಯ ಬಾಯಲ್ಲೋ ಇರುತ್ತದೆ. ಆ ಸಂದನ್ನು ಕೆದಕಿ, ತೊಳೆದು, ಗಾರೆಯಿಂದ ಒಳಬಾಗಿದ ಗುಂಡುಮೂಲೆಯಾಗಿ ತುಂಬಿ, ಏಳು ದಿನಗಳಾದರೂ ಒಣಗಗೊಡದೆ ನೀರುಣಿಸಿದರೆ ಹಲವು ಮನೆಗಳ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಗಾರೆ ಮಾಡಿದ ಮರುದಿನವೇ ನೀರು ಹಾಕುವುದನ್ನು ಮರೆಯುವವರು ನಮ್ಮಲ್ಲಿ ಬಹಳ. ಸಿಮೆಂಟು ಒಣಗಿ ಗಟ್ಟಿಯಾಗುವುದೆಂದು ಅವರ ಭಾವನೆ. ಅದು ನೀರಿನೊಡನೆ ಕೂಡಿ ಗಟ್ಟಿಯಾಗುವ ವಸ್ತು, ನೀರು ಆರಿಹೋದರೆ ಅದರ ಬಲವೂ ಅಲ್ಲಿಗೇ ನಿಲ್ಲುತ್ತದೆ. ಮನೆಯ ಮೂಲೆಯಲ್ಲಿ ಆರು ತಿಂಗಳಿಂದ ಬಿದ್ದ ಅರ್ಧ ಚೀಲ ಸಿಮೆಂಟನ್ನು ಬಳಸಲೂಬೇಡಿರಿ. ಮೂರು ತಿಂಗಳು ಮೀರಿದ ಸಿಮೆಂಟಿನ ಬಲವನ್ನು ನಂಬುವಂತಿಲ್ಲ.

ಆದರೆ ಶಿಕ್ಷಕರ ಪತ್ರದ ಕೊನೆಯಲ್ಲಿ ಒಂದು ಮಾತಿದೆ: ಅಡುಗೆಮನೆಯ ಮೇಲ್ಛಾವಣಿಯಲ್ಲಿ ಕಾಂಕ್ರೀಟು ಉದುರಿ ಕಬ್ಬಿಣದ ಸರಳು ಕಾಣುತ್ತಿದೆ, ಅದಕ್ಕೂ ತಾವೇ ಗಾರೆ ಮೆತ್ತಬಹುದೇ ಎಂದು. ಬೇಡ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಂತೆ ತನ್ನ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಮೇಲೆ ಮೆತ್ತಿದ ಗಾರೆ ಆ ರೋಗವನ್ನು ಮರೆಮಾಡುವುದಷ್ಟೆ. ಅಂಥದನ್ನು ಬಲ್ಲ ಇಂಜಿನಿಯರರಿಗೆ ತೋರಿಸದೆ ಒಂದು ದಿನವೂ ತಡೆಯಬಾರದು, ಅವರು ನೋಡುವವರೆಗೆ ಅದರ ಕೆಳಗೆ ಯಾರೂ ಮಲಗಲೂಬಾರದು.

ಇನ್ನು ನಮ್ಮ ತಪ್ಪಿನ ಕಥೆ.

ನಮ್ಮ ತಂದೆಯವರ ಮನೆ ಧಾರವಾಡ ಸೀಮೆಯ ಹಳ್ಳಿಯಲ್ಲಿದೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ಅಣ್ಣನವರು ಒಕ್ಕಲುತನ ನೋಡಿಕೊಂಡಿದ್ದರು, ನಾವು ಪೇಟೆಯ ಶಾಲೆಯೊಂದರಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದೆವು. ಅತ್ತಿಗೆಯವರು ಪ್ರತಿ ವರ್ಷ ಯುಗಾದಿಗೂ ದೀಪಾವಳಿಗೂ ಹಿತ್ತಿಲ ಕಡೆಯ ಗೋಡೆಯನ್ನು ಮಣ್ಣು-ಸಗಣಿಯಿಂದ ಸಾರಿಸುತ್ತಿದ್ದರು. ಸೊಂಟನೋವಿನ ಹೆಣ್ಣುಮಗಳು ಏಣಿಯ ಮೇಲೆ ನಿಂತು ಕೈ ಆಡಿಸುವುದನ್ನು ಕಂಡು ನಮಗೆ ಸಂಕಟವಾಗುತ್ತಿತ್ತು. 1992ರಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಯಾರನ್ನೂ ಕೇಳದೆ, ಆ ಗೋಡೆಗೆ ಅಡಿಯಿಂದ ಮುಡಿಯವರೆಗೆ ಸಿಮೆಂಟಿನ ಗಿಲಾವು ಮಾಡಿಸಿದೆವು. ಊರಿನ ವೃದ್ಧ ಗೌಂಡಿಯೊಬ್ಬರು ಅದನ್ನು ಕಂಡು ಒಂದು ಮಾತು ಹೇಳಿದರು: "ಅಯ್ನಾರ, ಮಣ್ಣಿನ ಗ್ವಾಡಿಗೆ ಬೆವರು ಬರತೈತ್ರಿ. ಅದರ ಮೈಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ರ ಆ ಬೆವರು ಎಲ್ಲಿಗೆ ಹೋಗಬೇಕ್ರಿ?" ಓದು ಬಲ್ಲವರೆಂಬ ಗರ್ವ ನಮಗೆ. ನಕ್ಕು ಸುಮ್ಮನಾದೆವು.

ಎರಡು ವರ್ಷ ಗೋಡೆ ಕನ್ನಡಿಯಂತಿತ್ತು. ನೆಂಟರೆಲ್ಲ ಹೊಗಳಿದರು. ಮೂರನೆಯ ವರ್ಷ ಒಳಮೈಯಲ್ಲಿ, ನೆಲದಿಂದ ಮೊಳದೆತ್ತರಕ್ಕೆ, ಬಿಳಿಯ ಉಪ್ಪು ಒಡೆಯಿತು. ನಾಲ್ಕನೆಯ ವರ್ಷ ಅದು ಎದೆಮಟ್ಟಕ್ಕೆ ಏರಿತು. ಬೆರಳಿನಿಂದ ಬಡಿದರೆ ಹೊರಗಿನ ಗಿಲಾವು ಡೊಳ್ಳಿನಂತೆ ಸದ್ದು ಕೊಡುತ್ತಿತ್ತು. ಅದರ ಅರ್ಥ ನಮಗಾಗಲಿಲ್ಲ. ಐದನೆಯ ವರ್ಷದ ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದು, ಐದನೆಯ ದಿನ ಬೆಳಗಿನ ಜಾವ ಹಿತ್ತಿಲಗೋಡೆ ಹೊರಮಗ್ಗುಲಾಗಿ ಮಲಗಿತು. ಅದರ ಬುಡಕ್ಕೆ ಕಟ್ಟಿದ್ದ ಆಕಳು ಸತ್ತಿತು. ಒಳಗೆ ಗೋಡೆಗೆ ಆನಿಸಿ ಹಾಕಿದ್ದ ಮಂಚದಲ್ಲಿ ನಿತ್ಯವೂ ಮಲಗುತ್ತಿದ್ದ ಅಣ್ಣನವರ ಕಿರಿಯ ಮಗ ಅಂದು ಶಾಲೆಯ ಪರೀಕ್ಷೆಗೆಂದು ಪಡಸಾಲೆಯ ದೀಪದ ಕೆಳಗೆ ಓದುತ್ತ ಅಲ್ಲೇ ನಿದ್ರೆ ಹೋಗಿದ್ದ. ಆ ಮಂಚದ ಮೇಲೆ ಎರಡು ಜಂತೆಗಳು ಬಿದ್ದಿದ್ದವು. ಇಂದಿಗೂ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅತ್ತಿಗೆಯವರು ನಮಗೆ ಒಂದು ಕಟುನುಡಿಯನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಆಮೇಲೆ ಆ ಗೌಂಡಿಯವರ ಮನೆಗೆ ನಾವಾಗಿಯೇ ಹೋದೆವು. ಅವರು ಹೇಳಿದುದನ್ನು, ತರುವಾಯ ಬಲ್ಲವರಿಂದ ತಿಳಿದುದನ್ನು ಕೂಡಿಸಿ ಇಲ್ಲಿ ಬರೆಯುತ್ತೇವೆ. ಮಣ್ಣಿನ ಗೋಡೆಯಾಗಲಿ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಯಾಗಲಿ, ನೆಲದಿಂದ ತೇವವನ್ನು ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮೇಲಕ್ಕೆ ಎಳೆಯುತ್ತದೆ. ಹೊರಮೈ ಮಣ್ಣಿನದೋ ಸುಣ್ಣದ್ದೋ ಆಗಿದ್ದರೆ, ಎಳೆದ ತೇವ ಬಿಸಿಲು-ಗಾಳಿಗೆ ಆರಿಹೋಗುತ್ತದೆ. ಸಿಮೆಂಟಿನ ಗಟ್ಟಿಪದರವಿದ್ದರೆ ಆರಲು ದಾರಿಯಿಲ್ಲ. ತೇವ ಇನ್ನೂ ಮೇಲಕ್ಕೇರುತ್ತದೆ, ತನ್ನೊಡನೆ ನೆಲದ ಲವಣವನ್ನೂ ಒಯ್ಯುತ್ತದೆ. ಸಿಮೆಂಟು ಬಿಗಿ, ಮಣ್ಣು ಮೆತ್ತಗೆ. ಬಿಸಿಲು-ಮಳೆಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಹೀಗಾಗಿ ಗಿಲಾವಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆ ಬಿರುಕಿನಿಂದ ಮಳೆನೀರು ಒಳಹೋಗುವುದುಂಟು, ಹೊರಬರುವುದಿಲ್ಲ. ಹೊರಗೆ ನೋಡಿದರೆ ಒಣಗಿದ ಅಂದದ ಗೋಡೆ, ಒಳಗೆ ಕಲಸಿದ ಕೆಸರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಸೀಮೆಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದುದನ್ನು ಕಂಡವರು ಮಣ್ಣನ್ನೇ ದೂರಿದರು. ಹೊಳೆಯ ನೀರಿನಲ್ಲಿ ದಿನಗಟ್ಟಲೆ ನಿಂತ ಮಣ್ಣಿನ ಗೋಡೆ ಉಳಿಯದೆಂಬುದು ನಿಜ. ಆದರೆ ಹೊಳೆ ಬಾರದ ಊರುಗಳಲ್ಲಿ ಬರಿಯ ಮಳೆಗೆ ಬಿದ್ದ ಗೋಡೆಗಳೂ ಇವೆ, ಅವುಗಳ ಮೈಮೇಲೆ ಏನಿತ್ತೆಂಬುದನ್ನು ವಿಚಾರಿಸಿ ನೋಡಬೇಕು.

ಸಿಮೆಂಟಿನ ಮೇಲೆ ನಮಗೆ ದ್ವೇಷವಿಲ್ಲ. ಇಂದು ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗೌಂಡಿ ಪೇಟೆಂಟು ಪಡೆದುದು 1824ರಲ್ಲಿ. ಅದಕ್ಕೂ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, 1656ರ ಹೊತ್ತಿಗೆ, ವಿಜಯಪುರದ ಗೋಲಗುಮ್ಮಟದ ಆ ಮಹಾಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲೇ ಎದ್ದು ನಿಂತಿತ್ತು. ಹೊಸ ಕಟ್ಟಡಕ್ಕೆ ಹೊಸ ವಸ್ತು ಸರಿ. ಹಳೆಯ ಮನೆಯನ್ನು ಅದರದೇ ಜಾತಿಯ ವಸ್ತುವಿನಿಂದ ದುರಸ್ತಿ ಮಾಡಬೇಕೆಂಬುದಷ್ಟೇ ನಮ್ಮ ಅಭಿಮತ.

ನಿಮ್ಮ ಮಣ್ಣಿನ ಗೋಡೆಗೂ ಸಿಮೆಂಟಿನ ಗಿಲಾವು ಆಗಿದ್ದರೆ ಹೆದರಬೇಕಾದುದಿಲ್ಲ, ಇಂದೇ ಸುತ್ತಿಗೆ ಎತ್ತಿಕೊಳ್ಳುವುದೂ ಬೇಡ. ಮೊದಲು ನೀರಿನ ದಾರಿ ನೋಡಿರಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುತ್ತಿದೆಯೇ? ಮಾಳಿಗೆಯ ದೋಣಿಯಿಂದ ಬೀಳುವ ನೀರು ಗೋಡೆಗೆ ಸಿಡಿಯುತ್ತಿದೆಯೇ? ಇತ್ತೀಚೆಗೆ ಓಣಿಯ ರಸ್ತೆಗಳನ್ನು ಹಳೆಯದನ್ನು ಕೀಳದೆ ಮೇಲಿಂದ ಮೇಲೆ ಎತ್ತರಿಸುತ್ತ ಬಂದು, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳು ಇಂದು ರಸ್ತೆಗಿಂತ ತಗ್ಗಿನಲ್ಲಿವೆ. ಗೋಡೆಯ ಬುಡದಿಂದ ಮೂರು-ನಾಲ್ಕು ಅಡಿ ದೂರಕ್ಕೆ ನೆಲ ಹೊರಮುಖವಾಗಿ ಇಳಿಜಾರಾಗುವಂತೆ ಮಾಡಿದರೆ ಅರ್ಧ ಕಾಯಿಲೆ ವಾಸಿ. ಇದಕ್ಕೆ ಸಲಿಕೆ, ಬುಟ್ಟಿ, ಮನೆಯ ಇಬ್ಬರು ಹುಡುಗರು ಸಾಕು. ಎರಡನೆಯದಾಗಿ, ಗಿಲಾವು ಡೊಳ್ಳಾದಲ್ಲಿ ಮಾತ್ರ, ಬೇಸಿಗೆಯ ಮೊದಲಲ್ಲಿ, ಬುಡದಿಂದ ಎದೆಮಟ್ಟದವರೆಗೆ ಸ್ವಲ್ಪಸ್ವಲ್ಪವಾಗಿ ಕಳಚಿ, ಗೋಡೆ ಚೆನ್ನಾಗಿ ಆರಿದ ಮೇಲೆ ಮಣ್ಣಿನ ಗಿಲಾವು ಹಿಡಿಸಬೇಕು. ಕಳಚುವಾಗ ಒಳಗಿನ ಮಣ್ಣು ಕೆಸರಾಗಿ ಕಂಡರೆ, ಗೋಡೆ ಉಬ್ಬಿದ್ದರೆ, ಕೆಲಸ ನಿಲ್ಲಿಸಿ ಬಲ್ಲ ಗೌಂಡಿಯನ್ನು ಕರೆಯಿರಿ.

ಮಣ್ಣಿನ ಗಿಲಾವಿಗೆ ಯಾವ ಮಣ್ಣು? ಇದನ್ನು ಮೂವರು ಕೇಳಿದ್ದಾರೆ. ಎರೆಮಣ್ಣು ಸರ್ವಥಾ ಬೇಡ. ಅದು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಬಾಯಿ ಬಿಡುತ್ತದೆ. ಕೆಂಪುಮಣ್ಣು ಒಳ್ಳೆಯದು. ಅದರಲ್ಲಿ ಜೇಡಿ ಎಷ್ಟು, ಮರಳು ಎಷ್ಟು ಎಂದು ತಿಳಿಯಲು ಒಂದು ಗಾಜಿನ ಭರಣಿಯಲ್ಲಿ ಮೂರರಲ್ಲೊಂದು ಪಾಲು ಮಣ್ಣು ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಇಡಿರಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ನುಣ್ಣನೆಯ ಮಣ್ಣು ಅದರ ಮೇಲೆ, ಜೇಡಿ ಎಲ್ಲಕ್ಕೂ ಕಡೆಗೆ ಮರುದಿನದ ಹೊತ್ತಿಗೆ ಮೇಲ್ಪದರವಾಗಿ ಕೂಡುತ್ತದೆ. ಮಕ್ಕಳು ಇದನ್ನು ಬಹಳ ಆಸೆಯಿಂದ ನೋಡುತ್ತಾರೆ. ಆಮೇಲೆ ಮಣ್ಣಿಗೆ ಮರಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಸೇರಿಸಿ, ಹೊಟ್ಟು ಬೆರೆಸಿ, ಮೂರು-ನಾಲ್ಕು ದಿನ ನೆನೆಸಿ ತುಳಿದು, ಗೋಡೆಯ ಮೇಲೆ ಅಂಗೈಯಗಲದ ನಾಲ್ಕು ತೇಪೆಗಳನ್ನು ಹಾಕಿ ಆರಲು ಬಿಡಿರಿ. ಸೀಳಿದುದರಲ್ಲಿ ಜೇಡಿ ಹೆಚ್ಚು. ಕೈಯಿಂದ ಉಜ್ಜಿದರೆ ಉದುರುವುದರಲ್ಲಿ ಮರಳು ಹೆಚ್ಚು. ಸೀಳದೆ ಉದುರದೆ ನಿಂತ ತೇಪೆಯ ಪ್ರಮಾಣವೇ ನಿಮ್ಮ ಪ್ರಮಾಣ. ಊರೂರಿಗೆ ಮಣ್ಣು ಬೇರೆಯಾದುದರಿಂದ ನಾವು ಇಲ್ಲಿಂದ ಲೆಕ್ಕ ಹೇಳಲಾಗದು.

ಮಣ್ಣಿನ ಮಾಳಿಗೆಯ ಬಗೆಗೆ ಒಂದು ಪತ್ರವಿದೆ, ಅದರ ಲೇಖಕರು ಗದಗಿನ ಕಡೆಯವರು. ಪ್ರತಿ ವರ್ಷ ರೋಹಿಣಿ ಮಳೆಗೆ ಮುನ್ನ ಮಾಳಿಗೆಗೆ ಹೊಸಮಣ್ಣು ಹಾಕುವ ಪದ್ಧತಿಯನ್ನು ತಪ್ಪದೆ ನಡೆಸಿಕೊಂಡು ಬಂದಿರುವುದಾಗಿ ಅಭಿಮಾನದಿಂದ ಬರೆದಿದ್ದಾರೆ. ಅಭಿಮಾನ ತಕ್ಕುದೇ. ಆದರೆ ಅವರು ಹಳೆಯ ಮಣ್ಣನ್ನು ಎಂದಾದರೂ ತೆಗೆದಿದ್ದಾರೆಯೇ? ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯನ್ನು ತೆಗೆದುಕೊಳ್ಳಿರಿ. ವರ್ಷ ವರ್ಷ ಸೇರಿ ಮೂರು ಅಂಗುಲ ಮಣ್ಣು ಹೆಚ್ಚಾಯಿತೆನ್ನಿರಿ. ಅದು ಮೂವತ್ತು ಘನ ಅಡಿ. ಘನ ಅಡಿಗೆ ನಲವತ್ತೈದು ಕಿಲೋ ಹಿಡಿದರೂ ಹದಿಮೂರು ಕ್ವಿಂಟಲ್ ಮೀರುತ್ತದೆ. ಹದಿಮೂರು ಚೀಲ ಜೋಳವನ್ನು ತಲೆಯ ಮೇಲಿನ ಜಂತೆಗಳ ಮೇಲೆ ಪೇರಿಸಿಟ್ಟು ಅದರ ಕೆಳಗೆ ಮಲಗಿದಂತೆ. ಮಳೆಗೆ ನೆನೆದಾಗ ಭಾರ ಇನ್ನೂ ಏರುತ್ತದೆ. ಆದುದರಿಂದ ಹೊಸದನ್ನು ಹಾಕುವ ಮೊದಲು ಅಷ್ಟೇ ಹಳೆಯದನ್ನು ಕೆರೆದು ಇಳಿಸಬೇಕು. ಹುಲ್ಲು-ಗಿಡಗಳನ್ನು ಬೇರುಸಹಿತ ಕೀಳಬೇಕು. ತೊಲೆ-ಜಂತೆಗಳನ್ನು ನಡುವೆ ಬಡಿದು ನೋಡಿ ಗಟ್ಟಿಯಿವೆಯೆಂದು ತೃಪ್ತರಾಗಬಾರದು. ಅವು ಕೊಳೆಯುವುದೂ ಗೆದ್ದಲು ಹಿಡಿಯುವುದೂ ಗೋಡೆಯೊಳಗೆ ಸೇರಿದ ತುದಿಯಲ್ಲಿ. ಅಲ್ಲಿ ದಬ್ಬಣದಿಂದ ಚುಚ್ಚಿ ನೋಡಿರಿ, ದಬ್ಬಣ ಬೆಣ್ಣೆಗೆ ಇಳಿದಂತೆ ಇಳಿದರೆ ಬಡಿಗರನ್ನು ಕರೆಸುವವರೆಗೆ ಕೆಳಗೊಂದು ಗಟ್ಟಿ ಊರುಗಂಬ ಕೊಡಿರಿ. ಶಿಶುನಾಳದ ಶರೀಫರಿಂದಾಗಿ ನಮ್ಮ ಕಡೆಯವರಿಗೆ ಸೋರುವ ಮಾಳಿಗೆಯೆಂದರೆ ತತ್ತ್ವವೇ ನೆನಪಾಗುತ್ತದೆ. ಆ ತತ್ತ್ವವನ್ನು ಭಜನೆಯಲ್ಲಿ ಕೇಳೋಣ. ಏಣಿ ಹತ್ತುವ ಹೊತ್ತಿಗೆ ಜಂತೆಯ ತುದಿಯನ್ನು ನೋಡೋಣ.

ಸೊಲ್ಲಾಪುರದಿಂದ ತರುಣ ದಂಪತಿಗಳು ಬರೆದಿದ್ದಾರೆ. ಹಿರಿಯರಿಂದ ಬಂದ ಹಳೆಯ ಮನೆ. ಪಡಸಾಲೆ ಇಕ್ಕಟ್ಟು. ಪಡಸಾಲೆಗೂ ಒಳಕೋಣೆಗೂ ನಡುವಿನ ಗೋಡೆಯನ್ನು ತಾವೇ ಒಡೆದು ಒಂದು ದೊಡ್ಡ ಕೋಣೆ ಮಾಡಿಕೊಳ್ಳುವ ಬಯಕೆ. ಮೊಬೈಲಿನಲ್ಲಿ ಅಮೆರಿಕದವರೊಬ್ಬರು ಇಂಥದೇ ಗೋಡೆಯನ್ನು ಒಂದು ಮಧ್ಯಾಹ್ನದಲ್ಲಿ ತೆಗೆದುದನ್ನು ನೋಡಿದ್ದಾರಂತೆ. ತಮ್ಮಾ, ತಂಗೀ, ಅಲ್ಲಿಯ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಒಳಗಿನ ಎಷ್ಟೋ ಗೋಡೆಗಳು ಮರದ ಪಟ್ಟಿಗಳಿಗೆ ಜಿಪ್ಸಮ್ ಹಲಗೆ ಬಡಿದು ಮಾಡಿದ ಬರಿಯ ಮರೆಗಳು. ಅಲ್ಲಿಯೂ ಭಾರ ಹೊರುವ ಗೋಡೆ ಯಾವುದೆಂದು ತಿಳಿಯದೆ ಕೈಹಾಕುವುದಿಲ್ಲ. ನಮ್ಮ ಹಳೆಯ ಕಲ್ಲು-ಮಣ್ಣಿನ ಮನೆಗಳಲ್ಲಿ ಗೋಡೆಯೇ ಮಾಳಿಗೆಯನ್ನು ಹೊತ್ತಿರುತ್ತದೆ. ಜಂತೆಗಳ ತುದಿಗಳು ಆ ಗೋಡೆಯ ಮೇಲೆ ಕುಳಿತಿದ್ದರೆ ಅದನ್ನು ತೆಗೆಯುವುದೆಂದರೆ ಕಾಲು ಕಡಿದು ನಡೆಯೆಂದಂತೆ. ಜಂತೆ ಗೋಡೆಗೆ ಸಮಾನಾಂತರವಾಗಿದ್ದರೂ ಮೇಲಿನ ತೊಲೆಯ ಭಾರ ಎಲ್ಲಿ ಇಳಿಯುತ್ತದೆಂಬುದು ಬರಿಗಣ್ಣಿಗೆ ತಿಳಿಯದು. ಇಂಜಿನಿಯರರು ಬಂದು ನೋಡಿ, ಬರೆದುಕೊಟ್ಟ ಮೇಲಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿರಿ. ಅವರಿಗೆ ಕೊಡುವ ಶುಲ್ಕ ಹೆಚ್ಚೆನಿಸಿದರೆ ನಮ್ಮ ಅಣ್ಣನ ಮಗನ ಮಂಚವನ್ನು ನೆನೆಯಿರಿ. ಒಳಗಿನ ಸಾಮಾನುಗಳನ್ನು ಕಡಿಮೆ ಮಾಡಿದರೂ ಪಡಸಾಲೆ ದೊಡ್ಡದಾಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ!

ಅದೇ ಪತ್ರದಲ್ಲಿ ಗೋಡೆಯ ಒಂದು ಬಿರುಕಿನ ಪ್ರಸ್ತಾಪವೂ ಇದೆ. ಬಿರುಕನ್ನು ಕಂಡ ಕೂಡಲೇ ತುಂಬಬಾರದು. ಅದು ನಿಂತ ಬಿರುಕೋ ಬೆಳೆಯುವ ಬಿರುಕೋ ಎಂದು ಮೊದಲು ತಿಳಿಯಬೇಕು. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡವಾಗಿ ಇಟ್ಟು ಎರಡೂ ತುದಿಗಳನ್ನು ಗಾರೆಯಿಂದ ಬಿಗಿದು, ಪಕ್ಕದಲ್ಲಿ ದಿನಾಂಕ ಬರೆದಿಡಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಇಡಿಯಾಗಿದ್ದರೆ ನಿಶ್ಚಿಂತೆಯಿಂದ ತುಂಬಬಹುದು. ಗಾಜು ಸೀಳಿದರೆ ಮನೆಯ ತಳಪಾಯ ಅಲುಗುತ್ತಿದೆಯೆಂದು ಅರ್ಥ. ಎರೆಭೂಮಿಯಲ್ಲಿ ಕಟ್ಟಿದ ಮನೆಗಳಲ್ಲಿ ಇದು ಸಾಮಾನ್ಯ. ಬೇಸಿಗೆಯಲ್ಲಿ ಬಾಯಿ ತೆರೆದ ಬಿರುಕು ಮಳೆಗಾಲದಲ್ಲಿ ತಾನಾಗಿ ಮುಚ್ಚಿಕೊಳ್ಳುವುದನ್ನು ಕೆಲವರು ಕಂಡಿರಬಹುದು.

ವಿದ್ಯುತ್ತಿನ ಕೆಲಸದಲ್ಲಿ ಕೈಯಾಡಿಸಿದ ಇಬ್ಬರ ಪತ್ರಗಳನ್ನು ಬೇಕೆಂದೇ ಬದಿಗಿರಿಸಿದ್ದೇವೆ. ಪರವಾನಗಿಯುಳ್ಳವರನ್ನು ಕರೆಯಿರಿ ಎಂಬುದಷ್ಟೇ ಉತ್ತರ. ತೇವ ಹಿಡಿದ ಗೋಡೆಯಲ್ಲಿ ಹಳೆಯ ವೈರು ಇರುವ ಮನೆಗಳವರು ತಡಮಾಡದೆ ತೋರಿಸಬೇಕು. ಹಾಗೆಯೇ, ಕೊಟ್ಟಿಗೆಯ ಮೇಲಿನ ಹಳೆಯ ಸಿಮೆಂಟು ಶೀಟುಗಳನ್ನು ಗರಗಸದಿಂದ ಕೊಯ್ದು ಹೊಂದಿಸಿದೆನೆಂದು ಒಬ್ಬರು ಬರೆದಿದ್ದಾರೆ. ಆ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕು ಎಷ್ಟೋ ವರ್ಷಗಳ ತರುವಾಯ ರೋಗವಾಗಿ ಕಾಣುತ್ತದೆ. ಅವುಗಳನ್ನು ಕೊಯ್ಯಬೇಡಿರಿ, ಕೊರೆಯಬೇಡಿರಿ, ಒಡೆಯಲೂಬೇಡಿರಿ.

ಕಡೆಯದಾಗಿ ಉಳಿದುದು ಹಾವೇರಿ ಕಡೆಯ ತಾಯಿಯೊಬ್ಬರ ಪತ್ರ. ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಪತ್ರ ಇದೇ. ಪತಿ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳೊಡನೆ ಇರುವ ಅವರು ಮಗಳ ನಿಶ್ಚಿತಾರ್ಥಕ್ಕೆ ಮನೆಗೆ ಬಣ್ಣ ಮಾಡಿಸಲು ಕೇಳಿದರಂತೆ. ಹೇಳಿದ ಮೊತ್ತ ಅವರ ಆರು ತಿಂಗಳ ಸಂಸಾರಖರ್ಚು. ತಾಯಿ-ಮಕ್ಕಳು ಮೂವರೂ ಸೇರಿ ಸುಣ್ಣ ತಂದು, ಮೂರು ದಿನಗಳಲ್ಲಿ ಮನೆಯನ್ನು ತಾವೇ ಬೆಳಗಿಸಿದ್ದಾರೆ. ಆದರೆ ಮುಟ್ಟಿದರೆ ಕೈಗೆ ಹತ್ತುತ್ತದೆ, ನೆಂಟರ ಬಟ್ಟೆಗೆ ಅಂಟೀತೆಂಬ ಅಳುಕು, ಮುಂದಿನ ಸಲ ಏನು ಮಾಡಬೇಕೆಂದು ಕೇಳಿದ್ದಾರೆ.

ತಾಯಿ, ನೀವು ಬರೆದುದನ್ನು ನೋಡಿದರೆ ಎರಡು ಲೋಪಗಳು ಕಾಣುತ್ತವೆ. ಒಣಗೋಡೆಗೆ ಬಳಿದಿರಿ, ಮತ್ತು ಒಂದೇ ಸಲಕ್ಕೆ ದಪ್ಪವಾಗಿ ಬಳಿದಿರಿ. ಸುಣ್ಣ ಬಣ್ಣದಂತೆ ಬರಿದೆ ಒಣಗಿ ಅಂಟುವುದಲ್ಲ. ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಅನಿಲ ಹೊರಟುಹೋಗಿ ಸುಟ್ಟಸುಣ್ಣವಾಗುತ್ತದೆ. ನೀರು ಸೇರಿಸಿದಾಗ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಕಲ್ಲಾಗಲು ತೇವವೂ ಬೇಕು, ಕಾಲವೂ ಬೇಕು. ಒಣಗೋಡೆ ಆ ತೇವವನ್ನು ಕ್ಷಣಾರ್ಧದಲ್ಲಿ ಹೀರಿಬಿಟ್ಟರೆ ಉಳಿಯುವುದು ಬರಿಯ ಪುಡಿ. ಅದೇ ಕೈಗೆ ಹತ್ತುವುದು.

ನಮಗೆ ಪಾಠಶಾಲೆಯಲ್ಲಿ ಹಿರಿಯರು ಕಲಿಸಿದ ಕ್ರಮ ಇದು. ಕಬ್ಬಿಣದ ಡ್ರಮ್ಮಿನಲ್ಲಿ ಅರ್ಧಕ್ಕೆ ನೀರು ತುಂಬಿ, ಸುಟ್ಟಸುಣ್ಣದ ಹೆಂಟೆಗಳನ್ನು ಒಂದೊಂದಾಗಿ ನೀರಿಗೆ ಇಳಿಬಿಡಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೀಟು ಬೇಡ, ಕುದಿಯ ಶಾಖಕ್ಕೆ ಮೆತ್ತಗಾಗುತ್ತದೆ. ಮಕ್ಕಳನ್ನು ದೂರವಿಡಬೇಕು. ಕಣ್ಣಿಗೆ ಕನ್ನಡಕ, ಕೈಗೆ ಚೀಲ ಇರಬೇಕು. ಕಣ್ಣಿಗೆ ಸಿಡಿದರೆ ಎಣ್ಣೆ, ಹಾಲು ಎಂದು ಮನೆಮದ್ದು ಹುಡುಕದೆ, ಹರಿಯುವ ತಣ್ಣೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆದು ನೇರವಾಗಿ ವೈದ್ಯರ ಬಳಿಗೆ ಓಡಬೇಕು. ಪಾಠಶಾಲೆಯಲ್ಲಿ ನಮಗೆ ಕನ್ನಡಕ ಇರಲಿಲ್ಲ. ನಮ್ಮ ಸಹಪಾಠಿಯೊಬ್ಬನ ಎಡಗಣ್ಣು ಇಂದಿಗೂ ಮಸುಕು. ಅರಳಿದ ಸುಣ್ಣವನ್ನು ಎರಡು-ಮೂರು ದಿನ ನೀರಿನಡಿಯಲ್ಲಿ ಬಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಸ್ವಲ್ಪ ಅಂಟನ್ನೋ ಅಕ್ಕಿಗಂಜಿಯನ್ನೋ ಬೆರೆಸಬೇಕು. ಬೆಳ್ಳಗೆ ಹೊಳೆಯಲೆಂದು ಚಿಟಿಕೆ ನೀಲಿ ಹಾಕುವ ರೂಢಿಯಿದೆ. ಗೋಡೆಯ ಧೂಳನ್ನು ಝಾಡಿಸಿ, ನೀರು ಚಿಮುಕಿಸಿ, ಗೋಡೆ ಒದ್ದೆಯಿರುವಾಗಲೇ ತೆಳುವಾಗಿ ಬಳಿಯಬೇಕು. ಬಳಿದಾಗ ಏನೂ ಕಾಣುವುದಿಲ್ಲ, ಕೆಲಸ ಕೆಟ್ಟಿತೆಂದು ಹೊಸಬರು ಗಾಬರಿಯಾಗುತ್ತಾರೆ. ಆರುತ್ತ ಆರುತ್ತ ಬಿಳುಪು ಏರುತ್ತದೆ. ಮರುದಿನ ಎರಡನೆಯ ಲೇಪ, ಅದರ ಮರುದಿನ ಮೂರನೆಯದು. ನೇರ ಬಿಸಿಲು ಬೀಳುವ ಗೋಡೆಗೆ ಸಂಜೆ ಬಳಿಯಿರಿ. ಎಣ್ಣೆಬಣ್ಣವೋ ಪ್ಲಾಸ್ಟಿಕ್ ಬಣ್ಣವೋ ಇರುವ ಗೋಡೆಗೆ ಸುಣ್ಣ ಹಿಡಿಯದು, ಅದನ್ನು ಕೆರೆದ ಮೇಲೆಯೇ ಬಳಿಯಬೇಕು.

ಈಗ ಬಳಿದಿರುವುದನ್ನು ತೆಗೆಯಬೇಕಾದುದಿಲ್ಲ. ಒಣಬಟ್ಟೆಯಿಂದ ಪುಡಿಯನ್ನು ಒರೆಸಿ, ಗೋಡೆಯನ್ನು ನನೆಸಿ, ಮೇಲೆ ಎರಡು ತೆಳುಲೇಪ ಕೊಡಿರಿ. ನಿಶ್ಚಿತಾರ್ಥಕ್ಕೆ ಇನ್ನೂ ಇಪ್ಪತ್ತು ದಿನಗಳಿವೆಯೆಂದು ಬರೆದಿದ್ದೀರಿ, ಕಾಲಾವಕಾಶ ಬೇಕಾದಷ್ಟಿದೆ. ನೆಂಟರು ಒರಗಿ ಕೂಡುವ ಎಡೆಗೆ ಆ ಒಂದು ದಿನ ಜಮಖಾನೆಯನ್ನು ಗೋಡೆಗೆ ಇಳಿಬಿಟ್ಟರಾಯಿತು.

ನಮ್ಮ ಹಿತ್ತಿಲಗೋಡೆಯ ವಿಚಾರವನ್ನು ಕೆಲವರು ಕೇಳಬಹುದು. ಅದನ್ನು ಆ ವೃದ್ಧ ಗೌಂಡಿಯವರೇ ಮುಂದೆ ನಿಂತು ಕಲ್ಲಿನ ಬುಡ ಕೊಟ್ಟು, ಮೇಲೆ ಮಣ್ಣಿನಿಂದ ಮತ್ತೆ ಕಟ್ಟಿಸಿದರು. ನಾವೂ ಅಣ್ಣನ ಮಕ್ಕಳೂ ಕೆಸರು ತುಳಿದೆವು. ಅತ್ತಿಗೆಯವರಿಗೆ ಈಗ ಎಂಬತ್ತು ದಾಟಿದೆ. ಅಂದು ಪಡಸಾಲೆಯಲ್ಲಿ ನಿದ್ರೆಹೋಗಿದ್ದ ಹುಡುಗ ಈಗ ಎರಡು ಮಕ್ಕಳ ತಂದೆ. ಗೋಡೆಯನ್ನು ವರ್ಷಕ್ಕೆರಡು ಸಲ ಸಾರಿಸುವವನು ಅವನೇ. ಅವರು ಕೆಳಗೆ ಮಣೆಯ ಮೇಲೆ ಕುಳಿತು, ಎಲ್ಲೆಲ್ಲಿ ಬಿಟ್ಟುಹೋಯಿತೆಂದು ಕೋಲಿನಿಂದ ತೋರಿಸುತ್ತಾರೆ.